ಹಿಡಿ, ಬಿಡು

"ಸ್ವಲ್ಪ ಗಟ್ಟಿಯಾಗಿ ಹಿಡೀರಿ ಮೇಸ್ತ್ರಿ, ಅಂಕಿ ಕುಣೀತಾ ಇದೆ," ಎಂದ ಪಕ್ಕದ ಟಯರ್ ಅಂಗಡಿಯವನು.

ಕುಣಿಯುತ್ತಿದ್ದದ್ದು ಅಂಕಿಯಲ್ಲ, ಮೇಸ್ತ್ರಿಯ ಕೈ. ಉಕ್ಕಿನ ಅಳತೆ ಟೇಪಿನ ತುದಿಯನ್ನು ಗ್ಯಾರೇಜಿನ ಗೋಡೆಗೆ ಒತ್ತಿ ಹಿಡಿದಿದ್ದ ಆ ಬಲಗೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು, ನಡುಕ ಟೇಪಿನ ಉದ್ದಕ್ಕೂ ಓಡಿ ಆ ತುದಿಯಲ್ಲಿದ್ದವನ ಕಣ್ಣಿಗೆ ಅಂಕಿಗಳನ್ನು ಕಲಸುತ್ತಿತ್ತು. ಟಯರಿನವನು ಕನ್ನಡಕ ಹಿಂದೆ ಮುಂದೆ ಮಾಡಿ ನೋಡಿದ, ಕೊನೆಗೆ ಅಂದಾಜಿಗೆ ಒಂದು ಅಳತೆ ಚೀಟಿಯಲ್ಲಿ ಬರೆದುಕೊಂಡ. ಈ ಗೋಡೆಗೆ ಟಯರಿನ ಎರಡು ಕಪಾಟು, ಎದುರು ಗೋಡೆಗೆ ಇನ್ನೊಂದು. ಹಿಂದಿನ ಗೋಡೆ ಅಳೆಯುವ ಹೊತ್ತಿಗೆ ಅವನ ಅಂಗಡಿಗೆ ಗಿರಾಕಿ ಬಂದು ಕೂಗಿದರು. "ಅದೊಂದು ಸಂಜೆ ಬಂದು ಅಳೀತೀನಿ," ಎಂದು ಓಡಿದ.

ಬಿಡಿಭಾಗಗಳ ಕೌಂಟರಿನ ಹಿಂದೆ ಕೂತು ನಟ್ಟು ಬೋಲ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದ ಮೇಸ್ತ್ರಿಯ ಹೆಂಡತಿ ಇದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಇದ್ದಳು. ಆ ಬೀದಿಯಲ್ಲಿ ಚಿಕ್ಕವರಿಗೆ ದೊಡ್ಡವರಿಗೆ ಎಲ್ಲರಿಗೂ ಆಕೆ ಅಕ್ಕ. ಎಂಟು ನಂಬರಿನ ನಟ್ಟು ಹತ್ತರ ಡಬ್ಬಿಗೆ ಬಿತ್ತು. ಮೂವತ್ತು ವರ್ಷದಲ್ಲಿ ಅವಳ ಕೈಯಿಂದ ಹೀಗೆ ಆದದ್ದಿಲ್ಲ.

ವಿಷಯ ಇಷ್ಟೇ: ಮುಂದಿನ ತಿಂಗಳ ಮೊದಲ ದಿನ ಈ ಗ್ಯಾರೇಜು ಟಯರಿನ ಗೋದಾಮಾಗಲಿದೆ. ಕೈನಡುಕ ಇನ್ನು ಹೋಗುವುದಲ್ಲ ಎಂದು ಡಾಕ್ಟರು ಹೇಳಿದ ರಾತ್ರಿ ಊಟಕ್ಕೆ ಕೂತಾಗ ಮೇಸ್ತ್ರಿ, "ಅಂಗಡಿ ಬಿಟ್ಟುಬಿಡೋಣ, ಅಲ್ವಾ?" ಎಂದಿದ್ದ. ಅಕ್ಕ ತುತ್ತು ಬಾಯಲ್ಲಿಟ್ಟುಕೊಂಡು ಸುಮ್ಮನಿದ್ದಳು. ಅವರ ಮನೆಯಲ್ಲಿ ಸುಮ್ಮನಿದ್ದರೆ ಒಪ್ಪಿದ ಲೆಕ್ಕ. ಮರುದಿನವೇ ಅವನು ಟಯರಿನವನಿಗೆ ಮಾತು ಕೊಟ್ಟುಬಂದ.

ಅಂದಿನಿಂದ ಅವಳ ಗಂಟಲಲ್ಲಿ ಒಂದು ವಾಕ್ಯ ಸಿಕ್ಕಿಕೊಂಡಿತ್ತು. 'ಅಂಗಡಿ ಬಿಡೋದು ಬೇಡ, ನಾನು ನಡೆಸ್ತೀನಿ.' ಪಾತ್ರೆ ತೊಳೆಯುವಾಗ ನಲ್ಲಿಗೆ ಹೇಳುತ್ತಿದ್ದಳು, ಬಟ್ಟೆ ಒಣಹಾಕುವಾಗ ತಂತಿಗೆ ಹೇಳುತ್ತಿದ್ದಳು, ಚೆನ್ನಾಗಿಯೇ ಬರುತ್ತಿತ್ತು. ಗಂಡನ ಎದುರು ನಿಂತರೆ ಮಾತ್ರ ಅದು ಬಾಯಿಗೆ ಬರುವಷ್ಟರಲ್ಲಿ "ಟೀ ಮಾಡ್ಲಾ?" ಆಗಿಬಿಡುತ್ತಿತ್ತು. ಈ ಹದಿನೈದು ದಿನದಲ್ಲಿ ಮೇಸ್ತ್ರಿ ಕುಡಿದಷ್ಟು ಟೀ ಇಡೀ ಜನ್ಮದಲ್ಲಿ ಕುಡಿದಿರಲಿಲ್ಲ. ಪಾಪ, ಅವನಿಗೆ ಕಾರಣವೂ ಗೊತ್ತಿರಲಿಲ್ಲ.

"ಅಕ್ಕಾ! ಮೇಸ್ತ್ರೀ! ನನ್ನ ಗಾಡಿ ಸೊಂಟ ಮುರ್ಕೊಂಡಿದೆ!"

ಬೀದಿಗೆಲ್ಲ ಕೇಳುವ ಈ ಗಂಟಲು ಸಿಸ್ಟರದ್ದು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಪಟ್ಟಿ ಕಟ್ಟಿ ಬರುವ ನರ್ಸು. ಚಿಕ್ಕಂದಿನಿಂದ ಒಂದು ಕಾಲು ಸಣ್ಣ, ಬೈಕು ನಿಲ್ಲಿಸಿದಾಗ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಏಳು ವರ್ಷದ ಹಿಂದೆ ಮೇಸ್ತ್ರಿಯೇ ಅವಳ ಬೈಕಿನ ಹಿಂದಿನ ಚಕ್ರ ತೆಗೆದು, ಅಲ್ಲಿ ಉದ್ದನೆಯ ಆಕ್ಸಲ್ ಕೂರಿಸಿ ಎರಡು ಚಕ್ರ ಹಾಕಿ, ಮಧ್ಯೆ ಔಷಧಿಯ ಪೆಟ್ಟಿಗೆ ಕಟ್ಟಿ ಮೂರು ಚಕ್ರದ ಗಾಡಿ ಮಾಡಿಕೊಟ್ಟಿದ್ದ. ಸೀಟಿನ ಕೆಳಗೆ, ಎರಡು ಮುಷ್ಟಿ ಗಾತ್ರದ ಒಂದು ಅಡ್ಜಸ್ಟರನ್ನು ತಾನೇ ಲೇತಿನಲ್ಲಿ ಕಡೆದು ಕೂರಿಸಿದ್ದ. ಅದರ ದೊಡ್ಡ ನಾಬು ತಿರುಗಿಸಿದರೆ ಒಳಗಿನ ಎಣ್ಣೆ ಪೈಪಿನಲ್ಲಿ ಹೋಗಿ ಹಿಂದಿನ ಸ್ಪ್ರಿಂಗುಗಳನ್ನು ಒತ್ತಿ ಬಿಗಿ ಮಾಡುತ್ತದೆ. ಪೆಟ್ಟಿಗೆಯಲ್ಲಿ ಆಕ್ಸಿಜನ್ ಸಿಲಿಂಡರೇ ಇಟ್ಟರೂ ಗಾಡಿ ಹಿಂದೆ ಕುಸಿಯುವುದಿಲ್ಲ. ಅಂಥ ಇನ್ನೊಂದು ಆ ಊರಲ್ಲಿ ಇರಲಿಲ್ಲ.

ಈಗ ಗಾಡಿ ಕುಕ್ಕರಗಾಲಲ್ಲಿ ಕೂತ ಹಾಗೆ ಹಿಂದೆ ಕುಸಿದಿತ್ತು. ಬಂದ ದಾರಿಯುದ್ದಕ್ಕೂ ಎಣ್ಣೆಯ ಹನಿ.

"ನಾಬು ತಿರುಗಿಸ್ತೀನಿ, ತಿರುಗಿಸ್ತೀನಿ, ಏನೂ ಇಲ್ಲ. ತಿರುವಿನಲ್ಲಿ ಟಯರು ಮಡ್‌ಗಾರ್ಡಿಗೆ ಉಜ್ಜಿ ಎದೆ ಝಲ್ ಅನ್ಸುತ್ತೆ. ಐದು ಗಂಟೆಗೆ ಆ ಸಕ್ಕರೆ ಕಾಯಿಲೆ ಅಜ್ಜಿಗೆ ಇಂಜೆಕ್ಷನ್ ಇದೆ. ನಾನು ಐದು ನಿಮಿಷ ತಡ ಮಾಡಿದ್ರೆ ಅಜ್ಜಿ ಊರಿಗೆಲ್ಲ ಫೋನ್ ಮಾಡ್ತಾರೆ."

ಮೇಸ್ತ್ರಿ ಬಗ್ಗಿ ನೋಡಲೂ ಇಲ್ಲ. ಕೈಯನ್ನು ಮುಂದೆ ಚಾಚಿ ತೋರಿಸಿದ. "ಇದನ್ನ ನೋಡಿ ಸಿಸ್ಟರ್. ಈ ಕೈಯಲ್ಲಿ ಏನು ಬಿಚ್ಚಲಿ? ಬೇರೆ ಕಡೆ ತೋರ್ಸಿ."

"ತೋರ್ಸಿ ಬಂದೆ. ಒಬ್ಬ ಗಾಡಿ ಸುತ್ತ ಎರಡು ಸುತ್ತು ಬಂದು, 'ಇದು ಯಾರು ಮಾಡಿದ್ದೋ ಅವರ ಹತ್ರಾನೇ ಹೋಗಿ' ಅಂದ. ಇನ್ನೊಬ್ಬ ಫೋಟೋ ತೆಗೆದುಕೊಂಡ, ಅಷ್ಟೆ."

"ಹಾಗಾದ್ರೆ ಏನೂ ಮಾಡಕ್ಕಾಗಲ್ಲ," ಎಂದ ಮೇಸ್ತ್ರಿ. ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ಸಿಸ್ಟರ ಮೇಲಲ್ಲ, ಕೈಯ ಮೇಲೆ.

"ನಾನು ಬಿಚ್ತೀನಿ," ಎಂದಳು ಅಕ್ಕ.

ಹೇಳಿದ್ದು ತಾನೇ ಎಂದು ತಿಳಿಯಲು ಅವಳಿಗೂ ಒಂದು ಕ್ಷಣ ಬೇಕಾಯಿತು. ಟೀ ಮಾಡ್ಲಾ ಎನ್ನುವ ಬಾಯಿ ಇವತ್ತು ನೆಟ್ಟಗಿತ್ತು.

"ನೀನಾ?" ಮೇಸ್ತ್ರಿ ತಿರುಗಿದ. "ಪಂಕ್ಚರ್ ಅಲ್ಲ ಅದು. ಇದನ್ನ ನಾನು ಬಿಟ್ರೆ ಬೇರೆ ಯಾರೂ ಬಿಚ್ಚಿಲ್ಲ."

"ನೀವು ಬಿಚ್ಚುವಾಗ ಎದುರಿಗೆ ಟಾರ್ಚ್ ಹಿಡಿದಿದ್ದು ಯಾರು? ಗೋಡೆನಾ?"

ಸಿಸ್ಟರು ಕಿಸಕ್ಕೆಂದಳು. ಮೇಸ್ತ್ರಿ ಮುಖ ಸಿಂಡರಿಸಿಕೊಂಡು ಸ್ಟೂಲಿನ ಮೇಲೆ ಕೂತ. ಕೂತದ್ದು ಒಪ್ಪಿಗೆಯೋ ಮುನಿಸೋ ತಿಳಿಯುವಂತಿರಲಿಲ್ಲ. ತಿಳಿಯಲು ಅಕ್ಕ ಕಾಯಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಾಕ್ ಎಳೆದುಕೊಂಡು ಬಂದಳು.

ಮೊದಲು ಗಾಡಿಯ ಹಿಂಭಾಗವನ್ನು ಎತ್ತಿ, ಎರಡು ಕಡೆ ಸ್ಟ್ಯಾಂಡ್ ಕೊಟ್ಟು, ಸ್ಪ್ರಿಂಗಿನ ಮೇಲೆ ತೂಕವೇ ಇಲ್ಲದ ಹಾಗೆ ಮಾಡಿದಳು. ನಾಬನ್ನು ಹಿಂದಕ್ಕೆ ತಿರುಗಿಸುತ್ತ ಬಾಯಿಬಿಟ್ಟು ಎಣಿಸಿದಳು, ಹದಿನಾಲ್ಕು ಸುತ್ತಿಗೆ ನಿಂತಿತು. ಜೋಡಿಸುವಾಗ ಲೆಕ್ಕ ತಪ್ಪದಿರಲೆಂದು ಆ ಸಂಖ್ಯೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಮೇಸ್ತ್ರಿ ಯಾವಾಗಲೂ ಹಾಗೆಯೇ ಬರೆಯುತ್ತಿದ್ದ. ಸ್ಟೂಲಿನ ಕಡೆಯಿಂದ ಒಂದು ಸಣ್ಣ ಹೂಂಕಾರ ಕೇಳಿಸಿತು.

ಪೈಪು ಕಳಚಿ, ಉಳಿದ ಎಣ್ಣೆಯನ್ನು ಬಟ್ಟಲಿಗೆ ಸುರಿದು, ಅಡ್ಜಸ್ಟರನ್ನು ಮೇಜಿನ ಮೇಲೆ ತಂದಿಟ್ಟಳು. ಬಟ್ಟಲಲ್ಲಿ ಎಣ್ಣೆ ಎರಡು ಚಮಚೆಯೂ ಇರಲಿಲ್ಲ. ಒಳಗಿನ ಲಾಕ್ ತೆಗೆದು ನಾಬನ್ನು ಎಳೆದಾಗ ಎಣ್ಣೆ ತಳ್ಳುವ, ಹೆಬ್ಬೆರಳ ಗಾತ್ರದ ಪಿಸ್ಟನ್ ಟಪ್ಪೆಂದು ಕೈಗೆ ಬಂತು. ಅದರ ಸುತ್ತ ಎಣ್ಣೆ ತಡೆಯುವ ರಬ್ಬರಿನ ಬಳೆ, ಇವರೆಲ್ಲ ಓರಿಂಗ್ ಎನ್ನುವುದು, ಒಂದು ಕಡೆ ಸವೆದು ಸವೆದು ಸೀಳಿತ್ತು.

"ನೋಡಿದ್ಯಾ, ಅದೇ," ಎಂದ ಮೇಸ್ತ್ರಿ. ಯಾವಾಗ ಎದ್ದು ಬಂದು ಬೆನ್ನ ಹಿಂದೆ ನಿಂತಿದ್ದನೋ. "ಏಳು ವರ್ಷ ಆಯ್ತಲ್ಲ, ರಬ್ಬರ್ ಸತ್ತಿದೆ. ಹೊಸದು ಹಾಕು, ಮುಗೀತು. ಪೆಟ್ರೋಲಲ್ಲಿ ತೊಳೀಬೇಡ ಮತ್ತೆ, ರಬ್ಬರ್ ಉಬ್ಬುತ್ತೆ."

"ಗೊತ್ತು ರೀ."

ಹೊಸ ಓರಿಂಗ್ ಹುಡುಕಲು ಅವಳಿಗೆ ಅರ್ಧ ನಿಮಿಷ ಸಾಕಾಯಿತು. ಕೌಂಟರಿನ ಮೂರನೇ ಖಾನೆ, ಎಡಗಡೆಯ ಡಬ್ಬಿ. ಆದರೆ ಹಾಕುವ ಮೊದಲು ಹಳೆಯದನ್ನು ಕಳಚಿ, ಪಿಸ್ಟನ್ನನ್ನು ಬಟ್ಟೆಯಲ್ಲಿ ಒರೆಸಿ, ರಿಂಗು ಕೂರುವ ಕಾಲುವೆಯ ಅಂಚಿನಲ್ಲಿ ಕಿರುಬೆರಳಿನ ಉಗುರನ್ನು ಸುತ್ತಲೂ ಆಡಿಸಿದಳು. ಹಾಗೆ ಮಾಡು ಎಂದು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಹೊಲಿಗೆ ಯಂತ್ರದ ಸೂಜಿಯಲ್ಲಿ ದಾರ ತುಂಡಾಗುತ್ತಿದ್ದರೆ ಅವಳು ಹಾಗೆಯೇ ನೋಡುತ್ತಿದ್ದಳು. ಒಂದು ಕಡೆ ಉಗುರು ತಡೆಯಿತು. ಮತ್ತೆ ಆಡಿಸಿದಳು, ಮತ್ತೆ ಅಲ್ಲೇ ತಡೆಯಿತು.

"ಇಲ್ಲೊಂದು ಮುಳ್ಳಿದೆ ರೀ."

"ಎಲ್ಲಿ ಮುಳ್ಳು? ನಾನೇ ಕಡೆದಿದ್ದು ಅದು."

"ನೀವೇ ಮುಟ್ಟಿ ನೋಡಿ."

ಮೇಸ್ತ್ರಿ ಬೆರಳು ಚಾಚಿದ. ಬೆರಳು ಪಿಸ್ಟನ್ನಿನ ಮೇಲೆ ನಡುಗಿ ನಡುಗಿ ಎಲ್ಲಾ ಕಡೆಯೂ ತಡೆಯಿತು, ಎಲ್ಲಾ ಕಡೆಯೂ ಜಾರಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿನ ಜೇಬಿಗೆ ಹಾಕಿದ. ಮುಟ್ಟಿ ನೋಡಿ ಎನ್ನಬಾರದಿತ್ತು ಎನಿಸಿತು ಅಕ್ಕನಿಗೆ. ಹರಿದ ರಿಂಗನ್ನು ಎತ್ತಿ ಪಿಸ್ಟನ್ನಿನ ಪಕ್ಕ ಬೆಳಕಿಗೆ ಹಿಡಿದಳು; ಸೀಳು ಸರಿಯಾಗಿ ಆ ಮುಳ್ಳಿನ ಎದುರಿಗೇ ಬರುತ್ತಿತ್ತು. ಅದನ್ನು ಕಣ್ಣಿನಿಂದಲೇ ನೋಡಬಹುದಿತ್ತು.

ಮೇಸ್ತ್ರಿ ಬಗ್ಗಿ ನೋಡಿದ. "ಅವತ್ತು ಗಡಿಬಿಡೀಲಿ ಅಂಚು ಉಜ್ಜಿಲ್ಲ," ಎಂದ. "ಹೊಸ ರಿಂಗು ಹಾಕಿದ್ರೂ ಇದು ಮತ್ತೆ ಕೊಯ್ಯೋದೇ."

"ಉಜ್ಜಿದ್ರಾಯ್ತು ಬಿಡಿ."

ನೀರುಕಾಗದದ, ಅಂದರೆ ನಯವಾದ ಉಜ್ಜುಕಾಗದದ, ಚೂರನ್ನು ಎಣ್ಣೆಯಲ್ಲಿ ಅದ್ದಿ, ಮಗುವಿನ ಉಗುರು ಕತ್ತರಿಸುವಷ್ಟು ಹುಷಾರಾಗಿ ಉಜ್ಜಿದಳು. ಉಗುರು ಎಲ್ಲೂ ತಡೆಯದೆ ಸುತ್ತು ಬರುವ ತನಕ ಉಜ್ಜಿದಳು. ಕೈಗೆ ಕೆಲಸ ಹತ್ತಿತ್ತು, ಮನಸ್ಸಿಗೆ ಒಂಥರಾ ಖುಷಿ. ಇಷ್ಟು ವರ್ಷ ತಾನು ಬರೀ ಟಾರ್ಚ್ ಹಿಡಿದಿರಲಿಲ್ಲ ಎನ್ನುವುದು ಅವಳಿಗೇ ಈಗ ಗೊತ್ತಾಗುತ್ತಿತ್ತು. ಹೊಸ ರಿಂಗಿಗೆ ಎಣ್ಣೆ ಸವರಿ, ತಿರುಚದ ಹಾಗೆ ಕೂರಿಸಿ, ಪಿಸ್ಟನ್ನನ್ನು ಒಳಗೆ ತಳ್ಳಿ ಎಲ್ಲವನ್ನೂ ವಾಪಸ್ ಜೋಡಿಸುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ.

ಇನ್ನು ಉಳಿದದ್ದು ಗಾಳಿ ತೆಗೆಯುವುದು. ಎಣ್ಣೆಯ ಮಧ್ಯೆ ಒಂದು ಗುಳ್ಳೆ ಉಳಿದರೂ ನಾಬು ಮೆತ್ತಗಾಗುತ್ತದೆ, ಸ್ಪ್ರಿಂಗ್ ಕದಲುವುದಿಲ್ಲ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಮೇಲಿರುವವರು ನಾಬು ಒಳಕ್ಕೆ ತಿರುಗಿಸಿ ಒತ್ತಡ ಹಿಡಿಯಬೇಕು. ಕೆಳಗೆ ಮಲಗಿದವರು ಆಗ ಒಂದು ಪುಟ್ಟ ಸ್ಕ್ರೂ ಸಡಿಲಿಸಿ ಗಾಳಿಯನ್ನು ಎಣ್ಣೆ ಸಮೇತ ಹೊರಗೆ ಬಿಟ್ಟು, ತಕ್ಷಣ ಬಿಗಿ ಮಾಡಬೇಕು. ಬಿಗಿ ಮಾಡಿದ ಮೇಲೆಯೇ ಮೇಲಿನವರು ನಾಬು ಹಿಂದಕ್ಕೆ ಬಿಡಬೇಕು. ಸ್ಕ್ರೂ ತೆರೆದಿರುವಾಗ ಬಿಟ್ಟರೆ ಹೊರಗಿನ ಗಾಳಿಯೆಲ್ಲ ಒಳಗೆ, ಮಾಡಿದ್ದೆಲ್ಲ ಮಣ್ಣುಪಾಲು.

ಇದಕ್ಕೆ ಆ ಗ್ಯಾರೇಜಿನಲ್ಲಿ ಎರಡೇ ಮಾತು. ಮೂವತ್ತು ವರ್ಷದಿಂದ ಬ್ರೇಕಿಗೆ ಅದೇ, ಏಳು ವರ್ಷದಿಂದ ಇದಕ್ಕೂ ಅದೇ. ಕೆಳಗಿನಿಂದ ಮೇಸ್ತ್ರಿ "ಹಿಡಿ" ಎನ್ನುತ್ತಿದ್ದ, ಮೇಲಿನಿಂದ ಅಕ್ಕ ಹಿಡಿಯುತ್ತಿದ್ದಳು. "ಬಿಡು" ಎನ್ನುತ್ತಿದ್ದ, ಬಿಡುತ್ತಿದ್ದಳು.

ಈಗ ಚಾಪೆ ಹಾಸಿಕೊಂಡು ಕೆಳಗೆ ಮಲಗಿದ್ದು ಅಕ್ಕ. ನಾಬು ದೊಡ್ಡದು, ಎರಡೂ ಕೈಯಲ್ಲಿ ಅಪ್ಪಿ ಹಿಡಿದರೆ ನಡುಗುವ ಕೈಗೂ ಆಗುತ್ತದೆ. ಅದು ಮೇಸ್ತ್ರಿಯ ಪಾಲಿಗೆ ಬಂತು. ಅಡ್ಜಸ್ಟರಿನ ತಲೆಯ ಮೇಲಿನ ಪುಟ್ಟ ಬಟ್ಟಲಿಗೆ ಎಣ್ಣೆ ಹುಯ್ಯುವುದು ಸಿಸ್ಟರ ಕೆಲಸ. ಸ್ಕ್ರೂವಿಗೆ ಒಂದು ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಖಾಲಿ ಡಬ್ಬಿಯೊಳಗೆ ಇಳಿಬಿಟ್ಟು, ಅಕ್ಕ ಬಾಯಿ ತೆರೆದಳು. 'ಹಿಡಿ' ಬರಲಿಲ್ಲ. ಕಟ್ಟಿಕೊಂಡ ಗಂಡನಿಗೆ, ಅದೂ ಮೂರನೆಯವರ ಎದುರು, ಹಿಡಿ ಎನ್ನುವುದು ಹೇಗೆ?

"ಹಿಡೀರಿ," ಎಂದಳು.

ಮೇಸ್ತ್ರಿ ಹಿಡಿದ. ಕೊಳವೆಯಲ್ಲಿ ಗುಳುಗುಳು ಗುಳ್ಳೆ. ಸ್ಕ್ರೂ ಬಿಗಿ. "ಬಿಡಿ." ಬಿಟ್ಟ. "ಹಿಡೀರಿ." "ಬಿಡಿ." ಹತ್ತು ಸಲ, ಹದಿನೈದು ಸಲ. ಗುಳ್ಳೆ ಕಡಲೆ ಗಾತ್ರದಿಂದ ಸಾಸಿವೆ ಗಾತ್ರಕ್ಕೆ ಇಳಿಯಿತು. ಇನ್ನು ಎರಡು ಸಲವಾದರೆ ಮುಗಿದ ಹಾಗೆ. ಸಿಸ್ಟರಿಗೆ ಸುಮ್ಮನೆ ಕೂತು ಗೊತ್ತಿಲ್ಲ.

"ಅಲ್ಲ ಅಕ್ಕ, ಅಂಗಡಿ ಟಯರಿನವರಿಗೆ ಕೊಡ್ತಿದ್ದೀರಂತೆ, ಹೌದಾ? ಆಮೇಲೆ ನನ್ನ ಗಾಡಿ ಗತಿ ಏನು?"

ಅಕ್ಕನ ಕೈಯಲ್ಲಿ ಸ್ಕ್ರೂ ತೆರೆದಿತ್ತು, ಕಣ್ಣು ಕೊಳವೆಯ ಮೇಲಿತ್ತು. ಆ ಮಾತು ಎದೆಗೇ ನಾಟಿತು. "ಅಯ್ಯೋ, ಅದೆಲ್ಲ ಈಗ ಬಿಡಿ," ಎಂದಳು.

ಮೇಸ್ತ್ರಿ ಬಿಟ್ಟ.

ಗೊಳಕ್ ಎಂದು ಸದ್ದಾಯಿತು. ಕೊಳವೆಯಲ್ಲಿದ್ದ ಎಣ್ಣೆಯೆಲ್ಲ ಸರಸರ ಹಿಂದಕ್ಕೆ ಏರಿ, ಅದರ ಬೆನ್ನಿಗೇ ಗಾಳಿಯೂ ಒಳಗೆ ಹೋಯಿತು.

"ನಿಮಗಲ್ಲ ರೀ! ಸಿಸ್ಟರಿಗೆ ಹೇಳಿದ್ದು!"

"ನೀನು ಬಿಡಿ ಅಂದೆ, ನಾನು ಬಿಟ್ಟೆ! ಯಾರಿಗೆ ಬಿಡಿ ಅಂತ ನಾನು ಕನಸು ಕಾಣ್ಲಾ?"

"ನಾನು ಮಾತು ಬಿಡಿ ಅಂದಿದ್ದು!"

"ನನ್ನ ಕೈಯಲ್ಲಿ ಮಾತಿತ್ತಾ, ನಾಬಿತ್ತಾ?"

ಸಿಸ್ಟರು ಎಣ್ಣೆಯ ಕ್ಯಾನನ್ನು ಎದೆಗೆ ಅವಚಿಕೊಂಡು, "ತಪ್ಪು ನಂದೇ, ನನ್ನ ಬಾಯಿಗೆ ಪಟ್ಟಿ ಕಟ್ಬೇಕು," ಎಂದಳು. ಮೇಸ್ತ್ರಿ ಸ್ಟೂಲಿನ ಮೇಲೆ ದೊಪ್ಪನೆ ಕೂತ. ಕೈ ಮೊದಲಿಗಿಂತ ಜಾಸ್ತಿ ನಡುಗುತ್ತಿತ್ತು. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ಇದು ಕೈಗೂಡದಿದ್ದರೆ ತನ್ನ ವಾಕ್ಯ ಇನ್ನು ಯಾವತ್ತೂ ಬಾಯಿಂದ ಹೊರಡುವುದಿಲ್ಲ ಎಂದು ಚಾಪೆಯ ಮೇಲೆ ಮಲಗಿದ್ದ ಅಕ್ಕನಿಗೆ ಖಾತ್ರಿಯಿತ್ತು. ಅವಳಿಗೆ ಅಳು ಬರಲಿಲ್ಲ, ಕೆಟ್ಟ ಹಟ ಬಂತು.

"ಸಿಸ್ಟರ್, ಎಣ್ಣೆ ಹುಯ್ಯಿರಿ. ಮೊದಲಿಂದ ಮಾಡೋಣ."

"ನಿಲ್ಲು," ಎಂದ ಮೇಸ್ತ್ರಿ. "ನಾನು ಕೆಳಗಿದ್ದಾಗ ನಿನಗೆ ಏನಂತಿದ್ದೆ?"

"ಹಿಡಿ, ಬಿಡು ಅಂತಿದ್ರಿ."

"ಮತ್ತೆ ಅದನ್ನೇ ಅನ್ನು. ಬಿಡಿ ಅಂದ್ರೆ ಊರಿಗೆಲ್ಲ ಅನ್ನೋ ಮಾತು. ಬಿಡು ಅಂದ್ರೆ ನಾಬು ಹಿಡಿದವರಿಗೆ ಮಾತ್ರ."

"ನಿಮಗಾ? ಏಕವಚನದಲ್ಲಾ?" ಗಾಡಿಯ ಕೆಳಗಿನಿಂದ ಅಕ್ಕನ ಮುಖ ಅರ್ಧ ಹೊರಗೆ ಬಂತು. "ಜನ ಏನಂತಾರೆ?"

"ಜನ ಎಲ್ಲಿದ್ದಾರೆ? ಸಿಸ್ಟರು ಕಿವಿ ಮುಚ್ಕೋತಾರೆ. ಸ್ಕ್ರೂ ಹತ್ರ ಇರೋರೇ ಮೇಸ್ತ್ರಿ ಕಣೇ. ಅಲ್ಲಿಂದ ರೀ ಗೀ ಬಂದ್ರೆ ನನ್ನ ಕೈ ಗಲಿಬಿಲಿ ಆಗುತ್ತೆ." ಎದ್ದು ಬಂದು ಎರಡೂ ಕೈಯಲ್ಲಿ ನಾಬನ್ನು ಅಪ್ಪಿ ಹಿಡಿದ. "ಹೂಂ. ಹೇಳು."

ಅಕ್ಕ ಮುಖವನ್ನು ಗಾಡಿಯ ಕೆಳಗೆ ಎಳೆದುಕೊಂಡಳು. ಕಿವಿಯ ತನಕ ಬಿಸಿಯಾಗಿತ್ತು. ಮದುವೆಯಾದ ಹೊಸದರಲ್ಲೂ ಇಷ್ಟು ನಾಚಿದ ನೆನಪಿಲ್ಲ.

"ಹಿಡಿ," ಎಂದಳು, ಸೊಳ್ಳೆಗೆ ಹೇಳಿದಷ್ಟು ಮೆಲ್ಲಗೆ.

"ಕೇಳಿಸ್ಲಿಲ್ಲ."

"ಹಿಡಿ!"

ಹಿಡಿದ. ಗುಳ್ಳೆ ಬಂತು. ಸ್ಕ್ರೂ ಬಿಗಿಯಾಯಿತು. "ಬಿಡು!" ಬಿಟ್ಟ. ಐದನೇ ಸಲಕ್ಕೆ ನಾಚಿಕೆ ಹೋಯಿತು, ಹತ್ತನೇ ಸಲಕ್ಕೆ ದನಿ ಗಟ್ಟಿಯಾಯಿತು. ಆಮೇಲೆ ಅದು ಗಂಡನಿಗೆ ಹೇಳುವ ಮಾತಾಗಿರಲೇ ಇಲ್ಲ, ಕೆಲಸದ ಮಾತಾಗಿತ್ತು. ಸಿಸ್ಟರು ಇನ್ನೊಮ್ಮೆ ಬಾಯಿ ತೆರೆದಾಗ ಅಕ್ಕ, "ಆಮೇಲೆ ಸಿಸ್ಟರ್," ಎಂದಳು, ಮೇಸ್ತ್ರಿಯ ಕೈ ಅಲ್ಲಾಡಲಿಲ್ಲ. ಅಂದರೆ ನಡುಗುತ್ತಿತ್ತು, ಬಿಡಲಿಲ್ಲ. ಕೊನೆಗೆ ಕೊಳವೆಯಲ್ಲಿ ಒಂದೇ ಒಂದು ಗುಳ್ಳೆಯೂ ಇಲ್ಲದೆ ಎಣ್ಣೆ ಗಾಜಿನ ಕಡ್ಡಿಯಂತೆ ನಿಂತಿತು.

ಸ್ಟ್ಯಾಂಡ್ ತೆಗೆದು ಗಾಡಿ ಇಳಿಸಿದರು. ಸಿಸ್ಟರು ಪೆಟ್ಟಿಗೆ ಸಮೇತ ಹತ್ತಿ ಕೂತಳು, ಗಾಡಿ ಹಿಂದೆ ಕುಸಿಯಿತು. ಅಕ್ಕ ನಾಬು ತಿರುಗಿಸಿದಳು. ಒಂದು, ಎರಡು, ಮೂರು ಸುತ್ತು ಹಗುರ. ನಾಲ್ಕನೆಯದಕ್ಕೆ ಅಂಗೈಗೆ ಭಾರ ತಗುಲಿತು, ಗಾಡಿಯ ಹಿಂಭಾಗ ಮೆಲ್ಲಗೆ, ಸಿಸ್ಟರನ್ನೂ ಎತ್ತಿಕೊಂಡು, ಮೇಲೆದ್ದಿತು.

"ಅಬ್ಬಾ! ಎದ್ದು ನಿಂತಿತು ನೋಡಿ!" ಎಂದು ಸಿಸ್ಟರು ಕೂಗಿದ್ದು ಬೀದಿಯ ಆ ಕೊನೆಗೆ ಕೇಳಿಸಿರಬೇಕು.

ಅಡ್ಜಸ್ಟರಿನ ಕೆಳಗೆ ಕಾಗದ ಹಾಸಿ ಕಾಲು ಗಂಟೆ ಕಾದರು. ಅಕ್ಕ ಕಾಗದ ಎತ್ತಿ ಬೆಳಕಿಗೆ ಹಿಡಿದಳು, ಒಣಗಿತ್ತು. ಮೇಸ್ತ್ರಿಯೂ ಅದನ್ನು ಕೇಳಿ ತೆಗೆದುಕೊಂಡು ಈ ಕಡೆ ಆ ಕಡೆ ತಿರುಗಿಸಿ ನೋಡಿದ. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಸಿಸ್ಟರು ನಾಲ್ಕೂವರೆಗೆ ಹೊರಟಳು. ತಿರುವಿನಲ್ಲಿ ಟಯರು ಉಜ್ಜುವ ಸದ್ದು ಬರುತ್ತದೋ ಎಂದು ಇಬ್ಬರೂ ಕಿವಿಗೊಟ್ಟು ನಿಂತರು. ಬರಲಿಲ್ಲ.

ಅಕ್ಕ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿರುವಾಗ ಟಯರಿನವನು ಚೀಟಿ, ಟೇಪು ಹಿಡಿದುಕೊಂಡು ಒಳಗೆ ಬಂದ. "ಹಿಂದಿನ ಗೋಡೆ ಒಂದು ಉಳಿದಿತ್ತಲ್ಲ. ಮೇಸ್ತ್ರಿ, ಈ ತುದಿ ಸ್ವಲ್ಪ ಹಿಡೀರಿ."

ಮೇಸ್ತ್ರಿ ಹಿಡಿದ. ಟಯರಿನವನು ಟೇಪು ಎಳೆದುಕೊಂಡು ಗೋಡೆಯುದ್ದಕ್ಕೂ ಹೋದ, ಸ್ಪಾನರುಗಳು ನೇತಾಡುವ ಹಲಗೆ ದಾಟಿ, ಅಡ್ಜಸ್ಟರು ಬಿಚ್ಚಿದ ಮೇಜು ದಾಟಿ, ನೆಲದ ಮೇಲಿನ ಸೀಮೆಸುಣ್ಣದ ಹದಿನಾಲ್ಕನ್ನು ತುಳಿದು, ಆ ಮೂಲೆಯಲ್ಲಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. "ಹಾಂ, ಹಾಗೇ ಹಿಡ್ಕೊಳ್ಳಿ. ಅಲ್ಲಾಡಿಸ್ಬೇಡಿ."

ಮೇಸ್ತ್ರಿ ಟೇಪಿನ ಕಡೆ ನೋಡುತ್ತಿರಲಿಲ್ಲ. ಅವನ ಕಣ್ಣು ಹೆಂಡತಿಯ ಮೇಲಿತ್ತು, ಮಾತಿಗೆ ಕಾದವನ ಹಾಗೆ. 'ನಾನು ನಡೆಸ್ತೀನಿ' ಎನ್ನುವ ಹದಿನೈದು ದಿನದ ಆ ವಾಕ್ಯ ಅಕ್ಕನ ಗಂಟಲಿಗೆ ಬಂತು. ಅಷ್ಟುದ್ದದ್ದು ಬೇಕಾಗಲಿಲ್ಲ.

"ಬಿಡು," ಎಂದಳು.

ಮೇಸ್ತ್ರಿ ಬಿಟ್ಟ. ಸರ್ರನೆ ಸದ್ದು ಮಾಡುತ್ತ ಟೇಪು ಗೋಡೆಯುದ್ದಕ್ಕೂ ಓಡಿ, ಟಯರಿನವನ ಅಂಗೈಯಲ್ಲಿದ್ದ ಡಬ್ಬಿಯೊಳಗೆ ಟಪ್ಪೆಂದು ಸೇರಿಕೊಂಡಿತು.